ಕಾದಂಬರಿ ಓದಿ ಅತ್ತರೆ ಅಫ್ಘಾನಿಸ್ತಾನ ಅರ್ಥವಾಗುತ್ತದೆಯೇ?

ಪ್ರಶ್ನೆ: ಅಫ್ಘಾನಿಸ್ತಾನದ ಕಾದಂಬರಿ ಓದಿದ ಮೇಲೆ ಎಷ್ಟೋ ದಿನ ಮನಸ್ಸು ಭಾರವಾಗಿರುತ್ತದೆ. ಕಂಡು ಕೇಳದ ಜನರಿಗಾಗಿ ಇಷ್ಟು ಅಳು ಯಾಕೆ ಬರುತ್ತದೆ? ಹೀಗೆ ಓದಿದರೆ ಆ ದೇಶ ನಮಗೆ ಗೊತ್ತಾದಂತೆಯೇ?

ಉತ್ತರ: ಈ ಪ್ರಶ್ನೆ ಕೇಳುವ ಹೆಚ್ಚಿನವರು ಓದಿರುವುದು ಖಾಲೆದ್ ಹೊಸೇನಿಯವರ ‘ದಿ ಕೈಟ್ ರನ್ನರ್’. 2003ರಲ್ಲಿ ಬಂದ ಕಾದಂಬರಿ. ಹಾಗಾಗಿ ಅದನ್ನೇ ಹಿಡಿದು ಮಾತಾಡೋಣ.

ಮೊದಲು ಅಳುವಿನ ವಿಷಯ. ಆ ಪುಸ್ತಕದಲ್ಲಿ ನಮ್ಮನ್ನು ಅಲ್ಲಾಡಿಸುವುದು ಯುದ್ಧ ಅಂತ ನನಗೆ ಅನ್ನಿಸುವುದಿಲ್ಲ. ಕಥೆಯ ಮುಖ್ಯ ಘಟನೆ ನಡೆಯುವುದು 1975ರ ಚಳಿಗಾಲದಲ್ಲಿ. ಆಗಿನ್ನೂ ಸೋವಿಯತ್ ಸೈನ್ಯ ಬಂದಿರಲಿಲ್ಲ. ತಾಲಿಬಾನ್ ಎಂಬ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಕಾಬೂಲಿನ ಒಂದು ಶ್ರೀಮಂತ ಮನೆ, ಅಲ್ಲಿನ ಪ್ರಬಲ ಜನಾಂಗವಾದ ಪಶ್ತೂನರದು. ಆ ಮನೆಯ ಹುಡುಗ ಮತ್ತು ಆಳಿನ ಮಗ ಒಟ್ಟಿಗೆ ಗಾಳಿಪಟ ಹಾರಿಸುತ್ತಾರೆ. ಆಳಿನ ಮಗ ಹಜಾರಾ ಜನಾಂಗದವನು. ಒಬ್ಬನಿಗೆ ದೊಡ್ಡ ಮನೆ, ಇನ್ನೊಬ್ಬನಿಗೆ ಹಿತ್ತಿಲ ಕಡೆಯ ಮಣ್ಣಿನ ಗುಡಿಸಲು. ಒಬ್ಬ ಶಾಲೆಗೆ ಹೋಗುತ್ತಾನೆ, ಇನ್ನೊಬ್ಬ ಅವನ ಬಟ್ಟೆಗೆ ಇಸ್ತ್ರಿ ಹಾಕುತ್ತಾನೆ. ಒಂದು ದಿನ ಹಜಾರಾ ಹುಡುಗನ ಮೇಲೆ ಘೋರ ದೌರ್ಜನ್ಯ ನಡೆಯುತ್ತದೆ. ಗೆಳೆಯ ಮರೆಯಲ್ಲಿ ನಿಂತು ನೋಡುತ್ತಾನೆ. ಆಮೇಲೆ ಓಡಿಹೋಗುತ್ತಾನೆ.

ಇದನ್ನು ಓದುವ ಕನ್ನಡಿಗರಿಗೆ ಕಾಬೂಲ್ ಪರದೇಶ ಅನ್ನಿಸುವುದೇ ಇಲ್ಲ. ಹಿಂದಿನ ಬಾಗಿಲಿನಿಂದ ಬಂದು ಹೋಗುವವರನ್ನು, ಬೇರೆ ಲೋಟದಲ್ಲಿ ಕಾಫಿ ಕುಡಿಯುವವರನ್ನು ನಮ್ಮೂರುಗಳಲ್ಲೂ ನೋಡಿದ್ದೇವೆ. ಗೌಡರ ಮಗ, ಜೀತದಾಳಿನ ಮಗ ಒಟ್ಟಿಗೆ ಗೋಲಿ ಆಡುತ್ತಿದ್ದರು. ಆಟ ಮುಗಿದ ಮೇಲೆ ಯಾರು ಜಗಲಿ ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಅನ್ನೋದು ಇಬ್ಬರಿಗೂ ಗೊತ್ತಿತ್ತು. ನಮ್ಮ ದೇಶದಲ್ಲಿ ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಹೆಚ್ಚುಕಡಿಮೆ ಈ ಕಥೆಯ ಕಾಲವೇ ಅಲ್ವಾ? ಹಾಗಾಗಿ ಆ ಅಳುವಿನಲ್ಲಿ ಮರುಕದ ಜೊತೆ ಪಾಪಪ್ರಜ್ಞೆಯೂ ಇದೆ. ನೋಡಿಯೂ ಸುಮ್ಮನಿದ್ದವನ ಜಾಗದಲ್ಲಿ ನಾವೇ ನಿಂತಿರುತ್ತೇವೆ. ಈ ಕಾದಂಬರಿಯ ದೊಡ್ಡ ಶಕ್ತಿ ಇದೇ ಅಂತ ನಾನು ನಂಬಿದ್ದೇನೆ.

ಇನ್ನೊಂದು ಲಾಭವೂ ಇದೆ. ಹಜಾರಾ ಎಂಬ ಹೆಸರನ್ನು ನಮ್ಮಲ್ಲಿ ಎಷ್ಟೋ ಮಂದಿ ಮೊದಲು ಕೇಳಿದ್ದು ಈ ಪುಸ್ತಕದಿಂದಲೇ. ಅವರಲ್ಲಿ ಬಹುಪಾಲು ಶಿಯಾ ಮುಸ್ಲಿಮರು. 1890ರ ದಶಕದಲ್ಲಿ ಅಫ್ಘಾನ್ ದೊರೆ ಅಮೀರ್ ಅಬ್ದುರ್ ರಹಮಾನ್ ಹಜಾರಾಗಳ ದಂಗೆಯನ್ನು ಹತ್ತಿಕ್ಕಿದ, ಅವರಲ್ಲಿ ಸಾವಿರಾರು ಜನರನ್ನು ಗುಲಾಮರಾಗಿ ಮಾರಲಾಯಿತು. 1998ರ ಆಗಸ್ಟ್‌ನಲ್ಲಿ ತಾಲಿಬಾನ್ ಮಝಾರ್-ಇ-ಶರೀಫ್ ನಗರ ಹಿಡಿದಾಗ ಹಜಾರಾಗಳನ್ನು ಹುಡುಕಿ ಹುಡುಕಿ ಕೊಂದರು. ಆಳಿನ ಮಗನ ಗುಡಿಸಲಿನ ಹಿಂದೆ ಇಷ್ಟು ಚರಿತ್ರೆ ಇದೆ.

ಇನ್ನು ದೇಶ ಬಿಟ್ಟು ಹೋಗುವ ಭಾಗ. ಕಾಬೂಲಿನಲ್ಲಿ ಅನಾಥಾಲಯ ಕಟ್ಟಿಸಿದ ದೊಡ್ಡ ಮನುಷ್ಯ, ಆ ಶ್ರೀಮಂತ ಹುಡುಗನ ತಂದೆ, ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ಗೆ ಬಂದು ಪೆಟ್ರೋಲ್ ಬಂಕ್‌ನಲ್ಲಿ ದುಡಿಯುತ್ತಾನೆ. ರಜೆ ದಿನ ಸಂತೆಯಲ್ಲಿ ಹಳೇ ಸಾಮಾನು ಮಾರುತ್ತಾನೆ. ಇದನ್ನು ಓದಿ ಅಮೆರಿಕದಲ್ಲಿರುವ ನಮ್ಮವರು ಊರು ನೆನೆಸಿಕೊಂಡು ಅಳುತ್ತಾರೆ. ಆ ನೆನಪು ನಿಜ. ಆದರೆ ಅವರು ದಸರಾಕ್ಕೋ ತಂಗಿ ಮದುವೆಗೋ ಟಿಕೆಟ್ ತೆಗೆದು ಬರಬಹುದು. ಆ ತಂದೆಗೆ ಹೋಗಲು ಊರೇ ಉಳಿದಿರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಹೊಸೇನಿಯವರು ಹುಟ್ಟಿದ್ದು 1965ರಲ್ಲಿ, ಕಾಬೂಲಿನಲ್ಲಿ. ತಂದೆ ರಾಜತಾಂತ್ರಿಕರು. 1976ರಲ್ಲಿ ಕುಟುಂಬ ಪ್ಯಾರಿಸ್‌ಗೆ ಹೋಯಿತು. 1978ರಲ್ಲಿ ಕಾಬೂಲಿನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೈನ್ಯ ಬಂತು. 1980ರಲ್ಲಿ ಕುಟುಂಬ ಅಮೆರಿಕದಲ್ಲಿ ಆಶ್ರಯ ಪಡೆಯಿತು. ಅಂದರೆ ಯುದ್ಧ ಶುರುವಾದಾಗ ಅವರು ಅಲ್ಲಿರಲಿಲ್ಲ. ತಾನು ಬದುಕಿಕೊಂಡೆ, ಉಳಿದವರು ಅಲ್ಲೇ ಉಳಿದರು ಎಂಬ ಸಂಕಟ ಕಾದಂಬರಿಯ ಉದ್ದಕ್ಕೂ ಇದೆ. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಹೆಚ್ಚಿನ ಅಫ್ಘಾನರು ಕ್ಯಾಲಿಫೋರ್ನಿಯಾ ಮುಟ್ಟಲೇ ಇಲ್ಲ. 1990ರ ಹೊತ್ತಿಗೆ 60 ಲಕ್ಷಕ್ಕೂ ಜಾಸ್ತಿ ಜನ ದೇಶ ಬಿಟ್ಟಿದ್ದರು. ಬಹುತೇಕ ಎಲ್ಲರೂ ಇದ್ದದ್ದು ಪಾಕಿಸ್ತಾನ ಮತ್ತು ಇರಾನ್‌ನಲ್ಲಿ. ಪಾಕಿಸ್ತಾನದ ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವರ ಕಥೆ ಇಂಗ್ಲಿಷ್ ಕಾದಂಬರಿಯಾಗಿ ನಮ್ಮ ಕೈಗೆ ಬರುವುದು ಕಡಿಮೆ. ಆ ಶಿಬಿರಗಳ ಹುಡುಗರನ್ನು ನಾವು ಕಂಡಿದ್ದು ಕ್ರಿಕೆಟ್‌ನಲ್ಲಿ. ಅಲ್ಲಿ ಬ್ಯಾಟು ಹಿಡಿದವರಿಂದಲೇ ಅಫ್ಘಾನ್ ತಂಡ ಬೆಳೆಯಿತು. 2018ರ ಜೂನ್‌ನಲ್ಲಿ ಆ ದೇಶ ತನ್ನ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ.

ಓದು ನಮ್ಮನ್ನು ನಿಜಕ್ಕೂ ಬದಲಿಸುತ್ತದೆಯೇ? ಮೆಲನಿ ಗ್ರೀನ್, ತಿಮೊತಿ ಬ್ರಾಕ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಥೆಯೊಳಗೆ ಪೂರ್ತಿ ಮುಳುಗಿದವರ ನಂಬಿಕೆಗಳು ಕಥೆ ಹೇಳುವ ಕಡೆಗೇ ಜಾಸ್ತಿ ವಾಲುತ್ತವೆ ಎಂದು ಅದರಲ್ಲಿ ಕಂಡುಬಂತು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು. ಸಾಹಿತ್ಯ ಕೃತಿಯ ಕೆಲವು ಪುಟ ಓದಿದರೂ ಇನ್ನೊಬ್ಬರ ಮನಸ್ಸನ್ನು ಊಹಿಸುವುದು ಸುಧಾರಿಸುತ್ತದೆ ಎಂದು ಅದು ಹೇಳಿತು. ಬಹಳ ಸುದ್ದಿಯಾಯಿತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಕಾದಂಬರಿ ಓದಿದವರೆಲ್ಲ ಹೆಚ್ಚು ಕರುಣೆಯವರಾಗುತ್ತಾರೆ ಅಂತ ಹೇಳಲು ಬರುವುದಿಲ್ಲ. ಮುಳುಗಿದವರು ವಾಲುತ್ತಾರೆ ಅನ್ನೋದನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಕಥೆ ತೋರಿಸಿದಷ್ಟೇ ದೇಶ ಅಂತ ನಂಬುವುದಕ್ಕೂ ಅದೇ ದಾರಿ.

ಆ ನಂಬಿಕೆಯಿಂದ ಆಗುವ ತೊಂದರೆ ದೊಡ್ಡದು. 2001ರ ನವೆಂಬರ್‌ನಲ್ಲಿ ಅಮೆರಿಕ ಅಫ್ಘಾನಿಸ್ತಾನದ ಮೇಲೆ ಬಾಂಬು ಹಾಕುತ್ತಿದ್ದಾಗ ಅಮೆರಿಕದ ಆಗಿನ ಅಧ್ಯಕ್ಷರ ಪತ್ನಿ ಲಾರಾ ಬುಷ್ ಅಫ್ಘಾನ್ ಹೆಂಗಸರ ಕಷ್ಟದ ಬಗ್ಗೆ ರೇಡಿಯೋ ಭಾಷಣ ಮಾಡಿದರು. ಕಷ್ಟ ಸುಳ್ಳಲ್ಲ. ಆದರೆ ಆ ಮರುಕ ಯುದ್ಧಕ್ಕೆ ಸಮರ್ಥನೆಯೂ ಆಯಿತು. ಮಾನವಶಾಸ್ತ್ರಜ್ಞೆ ಲೀಲಾ ಅಬು-ಲುಘೋದ್ ಮರುವರ್ಷವೇ ಒಂದು ಲೇಖನ ಬರೆದು, ಈ ಹೆಂಗಸರನ್ನು ಉದ್ಧರಿಸಲು ನಾವು ಯಾರು ಎಂಬ ಪ್ರಶ್ನೆ ಎತ್ತಿದರು.

‘ದಿ ಕೈಟ್ ರನ್ನರ್’ 2007ರಲ್ಲಿ ಸಿನಿಮಾ ಆಯಿತು. ಬಾಲನಟರು ಕಾಬೂಲಿನವರು. ದೌರ್ಜನ್ಯದ ಆ ದೃಶ್ಯದಿಂದಾಗಿ ಮಕ್ಕಳ ಜೀವಕ್ಕೆ ಅಪಾಯ ಎಂದು ಬಿಡುಗಡೆಯನ್ನೇ ಮುಂದೂಡಿ, ಅವರನ್ನು ಸಂಯುಕ್ತ ಅರಬ್ ಸಂಸ್ಥಾನಕ್ಕೆ ಕಳಿಸಬೇಕಾಯಿತು. 2008ರಲ್ಲಿ ಅಫ್ಘಾನ್ ಸರ್ಕಾರ ಸಿನಿಮಾವನ್ನು ನಿಷೇಧಿಸಿತು. ನಮಗೆ ಕಣ್ಣೀರು ತಂದ ದೃಶ್ಯದಿಂದ ಅಲ್ಲಿನ ಮಕ್ಕಳು ಊರು ಬಿಡಬೇಕಾಯಿತು.

ಹಾಗಂತ ಓದಬೇಡಿ ಅಂತಲ್ಲ. ಒಂದೇ ಪುಸ್ತಕಕ್ಕೆ ನಿಲ್ಲಬೇಡಿ. ಅಫ್ಘಾನ್ ಲೇಖಕ ಅತೀಕ್ ರಹೀಮಿಯವರ ‘ಅರ್ಥ್ ಅಂಡ್ ಆ್ಯಶಸ್’ ಮೂಲತಃ ದರಿ ಭಾಷೆಯ, ಅಂದರೆ ಅಫ್ಘಾನಿಸ್ತಾನದ ಪರ್ಷಿಯನ್‌ನ, ಪುಟ್ಟ ಕೃತಿ. ಹಳ್ಳಿಯ ಮೇಲೆ ಬಾಂಬು ಬಿದ್ದಿದೆ, ಮೊಮ್ಮಗನ ಕಿವಿ ಕೇಳಿಸದಂತಾಗಿದೆ. ಆ ಸುದ್ದಿಯನ್ನು ಕಲ್ಲಿದ್ದಲು ಗಣಿಯಲ್ಲಿರುವ ಮಗನಿಗೆ ಹೇಳಲು ಹೊರಟ ಮುದುಕ ದಾರಿ ಬದಿಯಲ್ಲಿ ಗಾಡಿಗಾಗಿ ಕಾಯುತ್ತಾನೆ. ಇಲ್ಲಿ ಯಾರೂ ಅಮೆರಿಕಕ್ಕೆ ಹೋಗುವುದಿಲ್ಲ. 2022ರಲ್ಲಿ ಬಂದ ‘ಮೈ ಪೆನ್ ಈಸ್ ದಿ ವಿಂಗ್ ಆಫ್ ಎ ಬರ್ಡ್’ ಸಂಕಲನದಲ್ಲಿ 18 ಅಫ್ಘಾನ್ ಲೇಖಕಿಯರು ದರಿ, ಪಶ್ತೋ ಭಾಷೆಗಳಲ್ಲಿ ಬರೆದ ಕಥೆಗಳ ಇಂಗ್ಲಿಷ್ ಅನುವಾದ ಇದೆ. ಅದರಲ್ಲಿ ಮಕ್ಕಳೆಲ್ಲ ಪರದೇಶ ಸೇರಿದ ಮೇಲೆ ಕಾಬೂಲಿನಲ್ಲಿ ಒಂಟಿಯಾಗಿ ಉಳಿದ ತಾಯಿಯ ಕಥೆಯಿದೆ. ವಲಸೆಯನ್ನು ಇಲ್ಲಿ ಹೋದವರ ಬದಲು ಉಳಿದವರ ಕಡೆಯಿಂದ ನೋಡುತ್ತೇವೆ. ಮಕ್ಕಳನ್ನು ಪರದೇಶಕ್ಕೆ ಕಳಿಸಿ ಫೋನಿಗಾಗಿ ಕಾಯುವ ಮೈಸೂರು, ಬೆಂಗಳೂರಿನ ತಂದೆತಾಯಿಯರಿಗೆ ನಾನು ಮೊದಲು ಕೊಡುವುದು ಆ ಕಥೆಯನ್ನೇ.