ರೇರ್ ಅಂದ್ರೆ ಹಳೇದು ಅಂತಲ್ಲ ಮಾರಾಯ್ರೆ

ನಿನ್ನೆ ಮತ್ತೊಂದು ಮಾರಾಟದ ಜಾಹೀರಾತು ಕಣ್ಣಿಗೆ ಬಿತ್ತು. 1995ರ ಸ್ಟಾರ್ ವಾರ್ಸ್ ಆಕ್ಷನ್ ಫಿಗರ್ (ಸಿನಿಮಾ ಪಾತ್ರದ ಪುಟ್ಟ ಗೊಂಬೆ), ಪ್ಯಾಕ್ ಒಡೆದಿಲ್ಲ, ಮೇಲೆ 'ಸೂಪರ್ ರೇರ್ ವಿಂಟೇಜ್' ಅಂತ ಬೇರೆ. ಆ ಸರಣಿ ಬಂದಾಗ ಮುಂದೆ ದುಡ್ಡಾಗುತ್ತೆ ಅಂತ ಜನ ಪ್ಯಾಕ್ ಕೂಡ ಬಿಚ್ಚದೆ ರಾಶಿ ರಾಶಿ ಎತ್ತಿಟ್ಟಿದ್ರು, ಎಲ್ಲರ ಅಟ್ಟದಲ್ಲೂ ಇರೋದು ರೇರ್ ಹೇಗಾಗುತ್ತೆ ಹೇಳಿ.

ರೇರ್ ಅನ್ನೋ ಪದದ ಬೇರು ಲ್ಯಾಟಿನ್ನಿನ 'ರಾರುಸ್'. ದಟ್ಟವಾಗಿಲ್ಲದ್ದು, ತೆಳ್ಳಗೆ ಹರಡಿರೋದು, ನಡುನಡುವೆ ಖಾಲಿ ಜಾಗ ಇರೋದು ಅಂತ ಅರ್ಥ. ನಮ್ಮ 'ವಿರಳ' ಕೂಡ ಹೆಚ್ಚುಕಮ್ಮಿ ಅದೇ. ಅಂದ್ರೆ ಇದು ಲೆಕ್ಕದ ಮಾತು, ಎಷ್ಟಿವೆ ಅನ್ನೋದಷ್ಟೇ, ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ, ರೇಟಿಗೂ ನೇರ ಸಂಬಂಧ ಇಲ್ಲ. ಕೆನ್ನರ್ ಕಂಪನಿ 1978ರಿಂದ 85ರ ತನಕ ಮಾರಿದ ಸ್ಟಾರ್ ವಾರ್ಸ್ ಆಟಿಕೆಗಳ ಲೆಕ್ಕ ಕೋಟಿಗಳಲ್ಲಿದೆ. ಹಳೇದು ಹೌದು, ವಿರಳ ಅಲ್ಲ. (ಗೊಂಬೆ ಕಾಲಿನ ಮೇಲೆ 1977 ಅಂತ ಅಚ್ಚಾಗಿದ್ರೆ ಅದು ಕಾಪಿರೈಟ್ ವರ್ಷ, ಅದು ತಯಾರಾದ ವರ್ಷ ಅಲ್ಲ, ಇದನ್ನ ಇನ್ನೆಷ್ಟು ಸಲ ಹೇಳ್ಬೇಕೋ.)

ಕನ್ನಡದಲ್ಲಿ ರೇರ್ ಅನ್ನೋದಕ್ಕೆ ಒಂದಲ್ಲ ಮೂರು ಪದ ಇವೆ, ವಿರಳ, ದುರ್ಲಭ, ಅಪರೂಪ. ಮೂರನ್ನೂ ನಾವು ಒಂದೇ ಅಂತ ಬಳಸ್ತೀವಿ, ಆದ್ರೆ ಕಲೆಕ್ಟರ್‌ಗಳಿಗೆ ಬೇಕಾದ ವ್ಯತ್ಯಾಸ ಪೂರ್ತಿ ಇವುಗಳಲ್ಲೇ ಇದೆ.

ದುರ್ಲಭ ಅಂದ್ರೆ ಕೈಗೆ ಸಿಗೋದು ಕಷ್ಟ, ಅಷ್ಟೇ. 1985ರ ಯಾಕ್ ಫೇಸ್ ಅನ್ನೋ ಸ್ಟಾರ್ ವಾರ್ಸ್ ಗೊಂಬೆ ತಗೊಳ್ಳಿ, ಕೆನ್ನರ್ ಅದನ್ನ ಮಾಡಿತು, ಬೇರೆ ದೇಶಗಳಲ್ಲಿ ಮಾರಾಟಾನೂ ಆಯ್ತು, ಅಮೆರಿಕದ ಅಂಗಡಿಗಳಿಗೆ ಮಾತ್ರ ಬರಲಿಲ್ಲ. ಅಲ್ಲಿನವರಿಗೆ ಅದು ದುರ್ಲಭ ಆಗಿದ್ದು ಹಂಗೆ.

ನನಗೆ ಅತೀ ಇಷ್ಟದ್ದು ಅಪರೂಪ. 'ಏನಪ್ಪಾ ಅಪರೂಪ ಆಗ್ಬಿಟ್ಟೆ' ಅಂತೀವಲ್ಲ, ಅದೇ. ಈಗ ಪದ ಬಿಡಿಸಿ ನೋಡಿ, ಅಪ + ರೂಪ. ಅಪಕೀರ್ತಿ, ಅಪಶಕುನದಲ್ಲಿರೋ ಅದೇ ಅಪ! ಸಂಸ್ಕೃತ ನಿಘಂಟು ತೆಗೆದ್ರೆ ಅಪರೂಪ ಅಂದ್ರೆ ವಿಕಾರ, ರೂಪಗೆಟ್ಟದ್ದು ಅಂತಿರುತ್ತೆ. ಎಲ್ಲದರ ಹಾಗೆ ಇರದೇ ಇರೋದು ದಿನಾ ಕಣ್ಣಿಗೆ ಬೀಳೋದಿಲ್ಲ, ಕನ್ನಡದ ಅರ್ಥಕ್ಕೆ ದಾರಿ ಅದೇ ಇರಬೇಕು ಅಂತ ನನ್ನ ಊಹೆ. ಆದ್ರೆ ಆಕ್ಷನ್ ಫಿಗರ್ ಲೋಕದಲ್ಲಿ ಆ ಹಳೇ ಅರ್ಥ ಇವತ್ತಿಗೂ ಜೀವಂತವಾಗಿದೆ ನೋಡಿ. 1978ರಲ್ಲಿ ಅಮೆರಿಕದ ಅಂಗಡಿ ಸರಣಿ ಸಿಯರ್ಸ್‌ಗೆ ಅಂತ ಮಾಡಿದ ಸೆಟ್ಟಲ್ಲಿ ಸ್ನ್ಯಾಗಲ್‌ಟೂತ್ ಅನ್ನೋ ಪಾತ್ರ ಇತ್ತು, ಕೆನ್ನರ್‌ನವರ ಹತ್ರ ಇದ್ದಿದ್ದು ಸೊಂಟದ ಮೇಲಿನ ಒಂದು ಕಪ್ಪುಬಿಳುಪು ಫೋಟೋ ಅಂತೆ, ಅದನ್ನ ನೋಡ್ಕೊಂಡು ಎತ್ತರದ ಆಳು ಮಾಡಿ ನೀಲಿ ಬಟ್ಟೆ ಹಾಕಿ ಬೆಳ್ಳಿ ಬಣ್ಣದ ಬೂಟೂ ತೊಡಿಸಿಬಿಟ್ರು, ಆಮೇಲೆ ನೋಡಿದ್ರೆ ಪಾತ್ರ ಕುಳ್ಳ, ಕೆಂಪು ಬಟ್ಟೆ, ಬರಿಗಾಲು. ತಿದ್ದಿದ್ರು, ನೀಲಿಯವನು ಉಳ್ಕೊಂಡ. ಅವನೇನೂ ತೀರಾ ವಿರಳ ಅಲ್ಲ, ಆದ್ರೆ ಅಕ್ಷರಶಃ ಅಪರೂಪ.

ಅದೇ ವರ್ಷದ ಜಾವಾ ಅನ್ನೋ ಇನ್ನೊಂದು ಪಾತ್ರದ ಗೊಂಬೆ ಕಥೆನೂ ಹೀಗೇ, ಆದ್ರೆ ಲೆಕ್ಕ ಬೇರೆ. ಮೊದಲು ವಿನೈಲ್ (ಒಂಥರಾ ಪ್ಲಾಸ್ಟಿಕ್) ನಿಲುವಂಗಿ ಹಾಕಿದ್ರು, ನೋಡೋಕೆ ಚೀಪಾಗಿದೆ ಅಂತ ಬೇಗನೇ ಬಟ್ಟೆಗೆ ಬದಲಾಯಿಸಿದ್ರು. ಹಾಗಾಗಿ ವಿನೈಲಿನವು ಅಪರೂಪಾನೂ ಹೌದು ವಿರಳಾನೂ ಹೌದು.

ಇಷ್ಟಾದ್ರೂ ವಿರಳ ಅಂದ ತಕ್ಷಣ ಬೆಲೆ ಬಂತು ಅಂತಲ್ಲ. ಫ್ಯಾಕ್ಟರೀಲಿ ಕಣ್ಣಿಗೆ ಹಚ್ಚೋ ಬಣ್ಣ ಮೂಗಿಗೆ ಹಚ್ಚಿದ ಗೊಂಬೆ ಪ್ರಪಂಚದಲ್ಲಿ ಒಂದೇ ಇರಬಹುದು, ಬೇಕು ಅನ್ನೋರೂ ಒಬ್ಬರು ಇರಬೇಕಲ್ಲ! ಎರಡೂ ಕೂಡಿದಾಗ ಏನಾಗುತ್ತೆ ಅನ್ನೋಕೆ ಬೋಬಾ ಫೆಟ್ ಅನ್ನೋ ಪಾತ್ರದ ರಾಕೆಟ್ ಹಾರಿಸೋ ಗೊಂಬೆ ಇದೆ. 1979ರಲ್ಲಿ ಅಂಚೆ ಮೂಲಕ ಕೊಡ್ತೀವಿ ಅಂತ ಜಾಹೀರಾತು ಹಾಕಿದ್ರು, ಅಷ್ಟರಲ್ಲಿ ಬೇರೆ ಕಂಪನಿಯ ಆಟಿಕೆ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು, ಹಾರೋ ರಾಕೆಟ್ ರದ್ದಾಗಿ ಅಂಟಿಸಿದ ರಾಕೆಟ್ಟಿನದು ಮಕ್ಕಳ ಮನೆಗೆ ಹೋಯ್ತು. ಉಳಿದಿದ್ದು ಕಂಪನಿ ಒಳಗಿನ ಕೆಲವು ಮಾದರಿಗಳು ಮಾತ್ರ. 2024ರಲ್ಲಿ ಅದರಲ್ಲೊಂದು 5,25,000 ಡಾಲರ್‌ಗೆ ಹರಾಜಾಯ್ತು.

ಇದು ಹರಾಜಲ್ಲಿ ಒಬ್ಬರು ನಿಜವಾಗ್ಲೂ ಕೊಟ್ಟ ದುಡ್ಡು. ಮಾರೋನು ಬರ್ಕೊಂಡಿರೋ ರೇಟು ಅವನ ಆಸೆ. 'ಇದರ ಮೌಲ್ಯ ಇಷ್ಟು' ಅಂತ ಅದನ್ನ ತೋರಿಸ್ಬೇಡಿ ದಯವಿಟ್ಟು. ಇನ್ನೊಂದು, ವಿನೈಲ್ ಜಾವಾ ಕಮ್ಮಿಗೆ ಸಿಕ್ತು ಅಂತ ಖುಷಿಪಡೋ ಮುಂಚೆ ಆ ನಿಲುವಂಗಿ ಒಮ್ಮೆ ಸರಿಯಾಗಿ ನೋಡಿ, ಬೆನ್ ಕೆನೋಬಿ ಅನ್ನೋ ಇನ್ನೊಂದು ಗೊಂಬೆಯ ನಿಲುವಂಗೀನ ಕತ್ತರಿಸಿ ಇದಕ್ಕೆ ತೊಡಿಸಿ ಮಾರೋರು ಬೇಕಾದಷ್ಟು ಜನ ಇದ್ದಾರೆ, ಅವರು ಮಾತ್ರ ವಿರಳ ಅಲ್ಲ.