ಎಂಟಕ್ಕೆ ಎಂಟು, ಶೇಕಡಾ ನೂರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ತುಮಕೂರು ಕಡೆಯ ಶಾಲೆಗಳಿಗೆ ಎರಡು ಥರದ ಕಾಗದ ಬರುತ್ತವೆ. ಶೇ 100 ಬಂದ ಕಡೆಗೆ ಸನ್ಮಾನದ ಆಹ್ವಾನ, ಕೆಳಗೆ ಬಿದ್ದ ಕಡೆಗೆ ಕಾರಣ ಕೇಳಿ ನೋಟಿಸ್. ಈ ಎರಡೂ ಕಾಗದಗಳು ಪುಟ್ಟ ಶಾಲೆಗಳ ಬಾಗಿಲನ್ನೇ ಹುಡುಕಿಕೊಂಡು ಹೋಗುತ್ತವೆ. ಮೇಷ್ಟ್ರ ಪಾಠಕ್ಕಿಂತ ಇಲ್ಲಿ ಗಣಿತದ ಕೈವಾಡ ಜಾಸ್ತಿ.

ಲೆಕ್ಕ ಹಾಕೋಣ. ಎಲ್ಲ ಶಾಲೆಯಲ್ಲೂ ಪಾಠ ಒಂದೇ ಮಟ್ಟದ್ದು, ಪ್ರತಿ ಮಗು ಪಾಸಾಗುವ ಸಾಧ್ಯತೆ ಶೇ 80 ಅಂತ ಇಟ್ಟುಕೊಳ್ಳಿ. ಪಾವಗಡದ ಗಡಿಯ ಒಂದು ಶಾಲೆಯಲ್ಲಿ 8 ಮಕ್ಕಳು ಪರೀಕ್ಷೆಗೆ ಕೂತರು. ಎಂಟೂ ಪಾಸಾಗುವ ಸಾಧ್ಯತೆ 0.8ನ್ನು ಎಂಟು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ 17. ಇಂಥ 100 ಶಾಲೆಗಳಿದ್ದರೆ ಸುಮ್ನೆ ಅದೃಷ್ಟದಿಂದಲೇ 17 ಶಾಲೆಗೆ ಫ್ಲೆಕ್ಸ್ ಬೀಳುತ್ತದೆ. ಐದಾರು ಶಾಲೆಗಳಲ್ಲಿ ಅರ್ಧ ಮಕ್ಕಳೂ ಪಾಸಾಗದೆ, ಇಲ್ಲವೇ ಸರಿಯಾಗಿ ಅರ್ಧವೇ ಪಾಸಾಗಿ, ನೋಟಿಸ್ ಬರುತ್ತದೆ. ಅದೇ 80 ಮಕ್ಕಳ ಶಾಲೆ? ಅಷ್ಟೂ ಮಕ್ಕಳು ಪಾಸಾಗುವ ಸಾಧ್ಯತೆ ಕೋಟಿಗಳಲ್ಲಿ ಒಂದು. ಅರ್ಧಕ್ಕೆ ಇಳಿಯುವುದಂತೂ ಆಗದ ಮಾತು. ದೊಡ್ಡ ಶಾಲೆ ನಡುವೆ ಉಳಿಯುತ್ತದೆ, ಸಣ್ಣದು ತುದಿಗೆ ಹಾರುತ್ತದೆ.

ಮಜಾ ಇರುವುದು ಮುಂದಿನ ವರ್ಷ. ದುರದೃಷ್ಟದಿಂದ ತಳಕ್ಕೆ ಬಿದ್ದ ಶಾಲೆ ಮರುವರ್ಷ ಬಹುತೇಕ ತಾನಾಗಿಯೇ ಮೇಲೆ ಬರುತ್ತದೆ. ಸನ್ಮಾನ ಪಡೆದದ್ದು ಜಾರುತ್ತದೆ. ಆಗ ಸಾಹೇಬರಿಗೆ ಅನ್ನಿಸುವುದೇನು? ಹೊಗಳಿದರೆ ಕೆಡುತ್ತಾರೆ, ಗದರಿಸಿದರೆ ಸರಿಹೋಗುತ್ತಾರೆ! ಜ್ವರ ನೆತ್ತಿಗೇರಿದ ದಿನ ತಾಯತ ಕಟ್ಟಿ, ಮೂರನೇ ದಿನ ಇಳಿದಾಗ ತಾಯತದ ಮಹಿಮೆ ಅಂದ ಹಾಗೆ. ಇದನ್ನು 19ನೇ ಶತಮಾನದಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತೋರಿಸಿದ್ದ. ತುಂಬ ಎತ್ತರದ ಅಪ್ಪ ಅಮ್ಮನ ಮಕ್ಕಳು ಸರಾಸರಿಯ ಕಡೆಗೆ ಸರಿಯುತ್ತಾರೆ ಅಂತ. ಅವರಿಗೇನು ಯಾರೂ ನೋಟಿಸ್ ಕೊಟ್ಟಿರಲಿಲ್ಲ.

ಅಳತೆಗೋಲೇ ಬದಲಾಗುವುದೂ ಉಂಟು. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ ಬಂತು. ಗ್ರೇಸ್ ಅಂಕ ಕೊಟ್ಟ ಮೇಲೂ 73.40. ಮೇಷ್ಟ್ರುಗಳೆಲ್ಲ ಒಂದೇ ವರ್ಷದಲ್ಲಿ ಪಾಠ ಮರೆತರಾ?

ಡಾಕ್ಟರ್ ವಿಷಯದಲ್ಲಿ ಕಥೆ ಇನ್ನೂ ಸಿಕ್ಕು. ಶಿರಾದಲ್ಲೋ ಮಧುಗಿರಿಯಲ್ಲೋ ಹೆರಿಗೆ ಕಷ್ಟವಾದರೆ 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಸಾವು ಸಂಭವಿಸಿದರೆ ಅದು ಜಿಲ್ಲಾ ಆಸ್ಪತ್ರೆಯ ಲೆಕ್ಕಕ್ಕೆ. ‘ಅಲ್ಲಿಗೆ ಹೋದವರು ಉಳಿಯಲ್ಲ’ ಅನ್ನುವ ಮಾತು ಹುಟ್ಟುವುದು ಹೀಗೆ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅಂಥವರೇ ಎಡವಿದ್ದಾರೆ. ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇ 90 ದಾಟಿದೆ ಅಂತ 1863ರಲ್ಲಿ ಅಚ್ಚು ಹಾಕಿಸಿದರು. ಇಡೀ ವರ್ಷದ ಸಾವನ್ನು ಒಂದೇ ದಿನ ಹಾಸಿಗೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ ಫಲ!

ನ್ಯೂಯಾರ್ಕ್ ರಾಜ್ಯ 1990ರ ದಶಕದಲ್ಲಿ ಹೃದಯ ಶಸ್ತ್ರಚಿಕಿತ್ಸಕರ ಫಲಿತಾಂಶ ಪ್ರಕಟಿಸುವಾಗ ರೋಗಿಯ ವಯಸ್ಸು, ಹೃದಯದ ಬಲ, ಬೇರೆ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿತು. ಅಷ್ಟು ಮಾಡಿದರೂ, ಕಷ್ಟದ ಕೇಸುಗಳನ್ನು ಡಾಕ್ಟರುಗಳು ಕೈಬಿಡುತ್ತಾರೆ ಅನ್ನುವ ದೂರು ತಪ್ಪಲಿಲ್ಲ.

ನಮ್ಮ ಶಾಲೆಗಳಲ್ಲಿ ಇಂಥ ಲೆಕ್ಕಕ್ಕೆ ಬೇಕಾದ್ದು ಆಗಲೇ ಇದೆ. ಶಾಲೆ ಶುರುವಾದಾಗ ಹಿಂದಿನ ಕಲಿಕೆ ಎಷ್ಟಿದೆ ಅಂತ ನೋಡಲು ಸೇತುಬಂಧದ ಪೂರ್ವ ಪರೀಕ್ಷೆ ಮಾಡುತ್ತಾರಲ್ಲ, ಎಂಟನೇ ಕ್ಲಾಸಿನ ಆ ಅಂಕವನ್ನು ಎಸ್ಸೆಸ್ಸೆಲ್ಸಿ ಅಂಕದ ಪಕ್ಕ ಇಡಬಹುದು. ಮೂರು ವರ್ಷಗಳ ಫಲಿತಾಂಶವನ್ನು ಒಟ್ಟು ಸೇರಿಸಿ ನೋಡಬಹುದು. ನೋಟಿಸ್ ಅದಾದ ಮೇಲೆ ಬರೆಯಲಿ.