ಸ್ಮೂತ್ ಜಾಝ್: ಆ ನುಣುಪು ಎಲ್ಲಿಂದ ಬಂತು?

ದೊಡ್ಡ ಹೋಟೆಲಿನ ಲಿಫ್ಟ್‌ನಲ್ಲೋ, ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತಾ ಕೂತಾಗಲೋ ಮೆಲ್ಲಗೆ ಒಂದು ಸ್ಯಾಕ್ಸೋಫೋನ್ ಕೇಳಿಸುತ್ತದೆ. ಹಿಂದೆ ಗಿಟಾರು, ಕೀಬೋರ್ಡು, ಅವಸರವೇ ಇಲ್ಲದ ಡ್ರಮ್ಸ್. ನಾವು ಗಮನ ಕೊಟ್ಟಿರುವುದಿಲ್ಲ, ಆದರೂ ಕಾಲು ತಾನಾಗೇ ತಾಳ ಹಾಕುತ್ತಿರುತ್ತದೆ. ಅದು ಸ್ಮೂತ್ ಜಾಝ್ ಆಗಿರುವ ಸಾಧ್ಯತೆಯೇ ಜಾಸ್ತಿ.

ಸ್ಮೂತ್ ಅಂದರೆ ನುಣುಪು, ನಯ. ಈ ಹೆಸರನ್ನು ಚಲಾವಣೆಗೆ ತಂದವರು ಸಂಗೀತಗಾರರಲ್ಲ, ಅಮೆರಿಕದ ರೇಡಿಯೊದವರು. 1987ರ ಫೆಬ್ರವರಿ 14ರಂದು ಲಾಸ್ ಏಂಜಲೀಸ್‌ನಲ್ಲಿ ಒಂದು ರಾಕ್ ಸ್ಟೇಷನ್ ನಿಂತುಹೋಗಿ, ಅದೇ 94.7 ಎಫ್‌ಎಂನಲ್ಲಿ ‘ದಿ ವೇವ್’ ಶುರುವಾಯಿತು. ಮೊದಮೊದಲು ಅದರಲ್ಲಿ ಮಧ್ಯೆ ಮಾತಾಡುವವರೇ ಇರಲಿಲ್ಲ, ಒಂದಾದ ಮೇಲೆ ಒಂದು ಸಂಗೀತ ಅಷ್ಟೇ. ಅದೇ ವರ್ಷ ಶಿಕಾಗೊದಲ್ಲೂ ಡಬ್ಲ್ಯುಎನ್‌ಯುಎ ಅನ್ನುವ ಇಂಥದೇ ಸ್ಟೇಷನ್ ಬಂತು. ಈ ಸಂಗೀತವನ್ನು ಏನಂತ ಕರೆಯುವುದು ಅಂತ ಯಾರಿಗೂ ಸರಿಯಾಗಿ ತೋಚಿರಲಿಲ್ಲ. ಕೇಳುಗರನ್ನು ಕೂರಿಸಿ, ತುಣುಕುಗಳನ್ನು ಕೇಳಿಸಿ, ಹೇಗನ್ನಿಸಿತು ಅಂತ ವಿಚಾರಿಸುವಾಗ ಒಬ್ಬ ಹೆಂಗಸು ‘ಸ್ಮೂತ್ ಜಾಝ್’ ಅಂದರಂತೆ. ರೇಡಿಯೊದವರು ಇವತ್ತಿಗೂ ಹೇಳುವ ಕತೆ ಇದು. ಹೆಸರು ಅಂಟಿಕೊಂಡಿತು.

ಜಾಝ್ ಅಂದರೆ ಮುಖ್ಯವಾಗಿ ಮನೋಧರ್ಮದ ಸಂಗೀತ. ಒಂದು ಮಟ್ಟು ನುಡಿಸಿ, ಅಲ್ಲಿಂದ ಹೊರಟು, ಆ ಕ್ಷಣಕ್ಕೆ ಹೊಳೆದದ್ದನ್ನು ಬೆಳೆಸುತ್ತಾ ಹೋಗುತ್ತಾರೆ. ನಮ್ಮ ಕಛೇರಿಯಲ್ಲಿ ಕಲ್ಪನಾಸ್ವರ ಹಾಕುತ್ತಾರಲ್ಲ, ಸುಮಾರು ಹಾಗೆ. ಸ್ಮೂತ್ ಜಾಝ್‌ನಲ್ಲಿ ಈ ಬೆಳೆಸುವುದು ಕಡಿಮೆ. ಪಲ್ಲವಿಯಂಥ ಒಂದು ಮಟ್ಟು ಇರುತ್ತದೆ, ಅದನ್ನು ಸ್ಯಾಕ್ಸೋಫೋನೋ ಗಿಟಾರೋ ಹಾಡಿದ ಹಾಗೆ ನುಡಿಸುತ್ತದೆ, ಮತ್ತೆ ಮತ್ತೆ ಅಲ್ಲಿಗೇ ಮರಳುತ್ತದೆ. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 90ರಿಂದ 105 ಬಡಿತದ ಆಸುಪಾಸು. ಆರಾಮವಾಗಿ ನಡೆಯುವವರ ಹೆಜ್ಜೆ ಅಂತಿಟ್ಟುಕೊಳ್ಳಿ. ತಳದ ಲಯ ಮಾತ್ರ ಹಳೆಯ ಜಾಝ್‌ನದಲ್ಲ. ಅದು ಸೋಲ್, ಫಂಕ್, ಆರ್ ಅಂಡ್ ಬಿ ಅನ್ನುವ, ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತದಿಂದ ಬಂದದ್ದು. ನನ್ನ ಪ್ರಕಾರ ಈ ಸಂಗೀತದ ಜೀವ ಇರುವುದೇ ಆ ತಳದಲ್ಲಿ.

ಹೆಸರು 1980ರ ದಶಕದ್ದಾದರೂ ಸಂಗೀತ ಅದಕ್ಕಿಂತ ಹಳೆಯದು. 1967ರಲ್ಲೇ ರೆಕಾರ್ಡ್ ನಿರ್ಮಾಪಕ ಕ್ರೀಡ್ ಟೇಲರ್ ಅವರು ಗಿಟಾರ್ ವಾದಕ ವೆಸ್ ಮಾಂಟ್ಗಮರಿ ಅವರಿಂದ ಆ ಕಾಲದ ಪಾಪ್ ಹಾಡುಗಳನ್ನು, ಹಿಂದೆ ಪಿಟೀಲುಗಳ ಮೇಳ ಇಟ್ಟು ನುಡಿಸಿದ್ದರು. 1976ರಲ್ಲಿ ಇನ್ನೊಬ್ಬ ಗಿಟಾರ್ ವಾದಕ ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ ಆಲ್ಬಂ ಬಂತು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಪಾಪ್, ಆರ್ ಅಂಡ್ ಬಿ, ಜಾಝ್ ಮೂರೂ ಪಟ್ಟಿಗಳಲ್ಲಿ ಅದು ಒಂದನೇ ಸ್ಥಾನಕ್ಕೇರಿತು. ಜಾಝ್ ವಾದಕನ ಆಲ್ಬಂ ಒಂದಕ್ಕೆ ಇದು ಸಣ್ಣ ಮಾತಲ್ಲ.

ಆದರೆ ಸ್ಮೂತ್ ಜಾಝ್ ಅಂದರೆ ನನ್ನ ಮನಸ್ಸು ಹೋಗುವುದು ಸ್ಯಾಕ್ಸೋಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಕಡೆಗೆ. ಬಫಲೋ ಊರಿನಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ನೆಲೆಸಿದವರು. 1971ರಲ್ಲಿ ಕ್ರೀಡ್ ಟೇಲರ್ ಅವರ ಒಂದು ರೆಕಾರ್ಡಿಂಗ್‌ಗೆ ಹ್ಯಾಂಕ್ ಕ್ರಾಫರ್ಡ್ ಎಂಬ ಹೆಸರಾಂತ ಆಲ್ಟೊ ಸ್ಯಾಕ್ಸೋಫೋನ್ ವಾದಕ ಬರಬೇಕಿತ್ತು, ಬರಲಾಗಲಿಲ್ಲ. ವಾದ್ಯಮೇಳ ಸಿದ್ಧ, ಸಂಗೀತ ಬರೆದಾಗಿದೆ. ಗ್ರೋವರ್ ಆಗ ಬೇರೆಯವರ ರೆಕಾರ್ಡಿಂಗ್‌ಗಳಲ್ಲಿ ಟೆನರ್ ಸ್ಯಾಕ್ಸೋಫೋನ್, ಅಂದರೆ ಆಲ್ಟೊಗಿಂತ ದೊಡ್ಡ, ತಗ್ಗು ದನಿಯ ವಾದ್ಯ, ನುಡಿಸುತ್ತಿದ್ದ ಹುಡುಗ. ಅವರ ಕೈಗೆ ಆಲ್ಟೊ ಕೊಟ್ಟು ನಿಲ್ಲಿಸಿದರು. ಇನ್ನೊಬ್ಬರಿಗಾಗಿ ಹೊಲಿದಿದ್ದ ಅಂಗಿ ಅವರಿಗೆ ಸರಿಯಾಗಿ ಕೂತುಬಿಟ್ಟಿತು. ‘ಇನ್ನರ್ ಸಿಟಿ ಬ್ಲೂಸ್’ ಅವರದೇ ಹೆಸರಿನ ಮೊದಲ ಆಲ್ಬಂ ಆಯಿತು.

1980ರ ‘ವೈನ್‌ಲೈಟ್’ ಅವರ ಅತ್ಯಂತ ಪ್ರಸಿದ್ಧ ಆಲ್ಬಂ. ಅದನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು, ಸ್ಯಾಕ್ಸೋಫೋನ್ ಬಿಟ್ಟು ಉಳಿದದ್ದನ್ನು ಮಾತ್ರ ಕೇಳಿ. ಬೇಸ್ ಗಿಟಾರ್ ಮಾರ್ಕಸ್ ಮಿಲ್ಲರ್ ಅವರದು, ಆಗ ಅವರಿಗೆ ಇನ್ನೂ ಇಪ್ಪತ್ತರ ಆಜುಬಾಜು. ಡ್ರಮ್ಸ್‌ನಲ್ಲಿ ಸ್ಟೀವ್ ಗ್ಯಾಡ್, ಕೀಬೋರ್ಡ್‌ನಲ್ಲಿ ರಿಚರ್ಡ್ ಟೀ, ಗಿಟಾರ್‌ನಲ್ಲಿ ಎರಿಕ್ ಗೇಲ್. ಒಬ್ಬೊಬ್ಬರೂ ಘಟಾನುಘಟಿಗಳು. ಆದರೂ ಯಾರೂ ಮುಂದೆ ನುಗ್ಗುವುದಿಲ್ಲ. ಗ್ಯಾಡ್ ಅವರ ಒಂದು ಪೆಟ್ಟು ಕೂಡ ಬೇಕಾದ್ದಕ್ಕಿಂತ ಜೋರಾಗಿ ಬೀಳುವುದಿಲ್ಲ. ನುಣುಪು ಅಂದರೆ ಇದು. ಸುಲಭವಾಗಿ ನುಡಿಸಿದ್ದಲ್ಲ, ಗೀರು ಉಳಿಯದ ಹಾಗೆ ತೀಡಿದ್ದು.

ನಮ್ಮಲ್ಲಿ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್. ಅವರದೂ ಆಲ್ಟೊ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾಗಿ, ಅದರಲ್ಲಿ ಗಮಕ ತಂದರು. ಅವರದು ಕರ್ನಾಟಕ ಸಂಗೀತ, ದಾರಿಯೇ ಬೇರೆ. ಆದರೆ ಅವರನ್ನು ಕೇಳಿ ಬೆಳೆದ ಕಿವಿಗೆ ಗ್ರೋವರ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ತಕ್ಷಣ ಹಿಡಿಸುತ್ತದೆ. ನನಗಂತೂ ಹಾಗೇ ಆಯಿತು.

ಈ ಪ್ರಕಾರದ ಅತಿ ದೊಡ್ಡ ಹೆಸರು ಕೆನ್ನಿ ಜಿ. ಕ್ಲಾರಿನೆಟ್‌ನ ಹಾಗೆ ನೆಟ್ಟಗಿರುವ ಸೊಪ್ರಾನೊ ಸ್ಯಾಕ್ಸೋಫೋನ್ ಅವರ ಗುರುತು. 1992ರ ಅವರ ಆಲ್ಬಂ ‘ಬ್ರೆತ್‌ಲೆಸ್’ ಅಮೆರಿಕವೊಂದರಲ್ಲೇ 1.2 ಕೋಟಿಗೂ ಹೆಚ್ಚು ಪ್ರತಿ ಹೋಯಿತು. ಚೀನಾದಲ್ಲಿ ಅಂಗಡಿ, ಶಾಲೆಗಳು ಬಾಗಿಲು ಹಾಕುವ ಹೊತ್ತಿಗೆ ಅವರ ‘ಗೋಯಿಂಗ್ ಹೋಮ್’ ಹಾಕುತ್ತಾರೆ. ಜಾಝ್ ಬಲ್ಲವರು ಅವರನ್ನು ಕಟುವಾಗಿ ಟೀಕಿಸಿದ್ದೂ ಉಂಟು. ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಎಲ್ಲ ಸ್ವರವೂ ಸಿಹಿಯಾದರೆ ನಾಲಿಗೆ ಜಡ್ಡುಗಟ್ಟುತ್ತದೆ, ಅಲ್ವಾ? ಆದರೆ ಆ ಒಂದು ಕಾರಣಕ್ಕೆ ಇಡೀ ಪ್ರಕಾರವನ್ನೇ ಲಿಫ್ಟ್ ಸಂಗೀತ ಅಂತ ತಳ್ಳಿಹಾಕಿದರೆ ಗ್ರೋವರ್, ಸ್ಯಾಕ್ಸೋಫೋನಿನ ಡೇವಿಡ್ ಸ್ಯಾನ್‌ಬಾರ್ನ್, ಕೀಬೋರ್ಡಿನ ಬಾಬ್ ಜೇಮ್ಸ್ ಎಲ್ಲರೂ ಜೊತೆಗೇ ಹೋಗುತ್ತಾರೆ. ಅದು ನನಗೆ ನಿಜವಾಗಲೂ ಬೇಸರದ ವಿಷಯ.

ಹೆಸರಿಟ್ಟ ರೇಡಿಯೊದವರೇ ಕೊನೆವರೆಗೆ ಇದರ ಜೊತೆ ನಿಲ್ಲಲಿಲ್ಲ. ನ್ಯೂಯಾರ್ಕಿನಲ್ಲಿದ್ದ ಇಂಥದೇ ಸ್ಟೇಷನ್ 2008ರಲ್ಲಿ, ಶಿಕಾಗೊದ್ದು 2009ರಲ್ಲಿ ಸ್ಮೂತ್ ಜಾಝ್ ಬಿಟ್ಟವು. ಗ್ರೋವರ್ ಅದಕ್ಕೂ ಮುಂಚೆ, 1999ರ ಡಿಸೆಂಬರ್ 17ರಂದು, ಒಂದು ಟಿವಿ ಕಾರ್ಯಕ್ರಮಕ್ಕೆ ನುಡಿಸಿ ಮುಗಿಸಿದ ಸ್ವಲ್ಪ ಹೊತ್ತಿನಲ್ಲೇ ಕುಸಿದು ತೀರಿಕೊಂಡರು. ಅವರಿಗೆ 56 ವರ್ಷ.

ಕೇಳಲು ಶುರು ಮಾಡುವುದಾದರೆ ‘ವೈನ್‌ಲೈಟ್’ನಲ್ಲಿರುವ ‘ಜಸ್ಟ್ ದ ಟೂ ಆಫ್ ಅಸ್’ ಹಾಕಿ. ಹಾಡಿರುವವರು ಬಿಲ್ ವಿದರ್ಸ್. ರೇಡಿಯೊಗೆಂದು ಕತ್ತರಿಸಿದ ಚಿಕ್ಕ ರೂಪ ಬೇಡ, ಆಲ್ಬಂನಲ್ಲಿರುವ ಏಳು ನಿಮಿಷದ್ದೇ ಬೇಕು. ಅದರ ಮಧ್ಯೆ ಸ್ಟೀಲ್ ಪ್ಯಾನ್ ಒಂದು ಬರುತ್ತದೆ. ಟ್ರಿನಿಡಾಡ್‌ನವರು ಎಣ್ಣೆಯ ಪೀಪಾಯಿ ಬಡಿದು ಮಾಡಿಕೊಂಡ ವಾದ್ಯ ಅದು. ಅಲ್ಲಿ ಸ್ವಲ್ಪ ಸೌಂಡ್ ಜಾಸ್ತಿ ಮಾಡಿ.